ಹೃದಯದ ಕದ ತೆರೆದವರು

ಮೈಸೂರಿನ ಹೆಬ್ಬಾಳ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಬೆಂಗಳೂರಿನ ಹೆಬ್ಬಾಳ ಬೇರೆ, ಅದರ ಮಾತು ಇಲ್ಲಿಲ್ಲ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಕೆರೆ, ಸುತ್ತ ಬಡಾವಣೆಗಳು. ಅಲ್ಲಿಂದ ಕೆ.ಆರ್.ಎಸ್. ರಸ್ತೆಗೆ ಬಂದು ಊರಿನ ಕಡೆ ತಿರುಗಿದರೆ ಹಳೆಯ ಕ್ಷಯರೋಗ ಆಸ್ಪತ್ರೆಯ ವಿಶಾಲವಾದ ಆವರಣ ಸಿಗುತ್ತದೆ. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು ಅದು. ಅದೇ ಆವರಣದಲ್ಲಿ ಇಂದು ಜಯದೇವ ಹೃದ್ರೋಗ ಸಂಸ್ಥೆಯ ಮೈಸೂರು ಆಸ್ಪತ್ರೆ ನಿಂತಿದೆ. ಇಕ್ಕಟ್ಟಾದ ಮನೆಗಳಲ್ಲಿ ಹರಡುವ ಒಂದು ರೋಗಕ್ಕೆಂದು ಬಿಟ್ಟ ನೆಲದಲ್ಲಿ, ಅಂಥದೇ ಮನೆಗಳಲ್ಲಿ ಹುಟ್ಟುವ ಇನ್ನೊಂದು ರೋಗಕ್ಕೂ ಚಿಕಿತ್ಸೆ ಸಿಗುತ್ತಿದೆ. ಈ ಎರಡನೆಯ ರೋಗದ ಹೆಸರು ಕ್ಷಯದಷ್ಟು ಪ್ರಸಿದ್ಧವಲ್ಲ.

ಹೃದಯದ ಆಸ್ಪತ್ರೆ ಎಂದ ಕೂಡಲೇ ನಿಮಗೆ ನೆನಪಾಗುವುದು ತಾತನೋ ದೊಡ್ಡಪ್ಪನೋ, ಅವರ ಎದೆನೋವು, ಅವರಿಗೆ ಹಾಕಿದ ಸ್ಟೆಂಟು. ಆದರೆ ನಮ್ಮ ನಾಡಿನ ಇಂಥ ಆಸ್ಪತ್ರೆಗಳಿಗೆ ಬರುವವರಲ್ಲಿ ನಿಮ್ಮದೇ ವಯಸ್ಸಿನವರೂ ಇದ್ದಾರೆ. ಅವರಿಗೆ ಎದೆನೋವಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ಮಲಗಿದರೆ ಉಸಿರುಕಟ್ಟಿ ಎದ್ದು ಕೂರಬೇಕು. ಕೆಮ್ಮಿದರೆ ಕೆಲವೊಮ್ಮೆ ರಕ್ತ. ಅಲ್ಲಿಯವರೆಗೆ ಸುಮ್ಮನಿದ್ದ ಕಾಯಿಲೆ ಗರ್ಭಿಣಿಯಾದ ಹುಡುಗಿಯಲ್ಲಿ ಐದಾರನೆಯ ತಿಂಗಳಲ್ಲಿ ಒಮ್ಮೆಲೇ ತಲೆ ಎತ್ತುವುದೂ ಉಂಟು. ಇವರ ಹೃದಯದ ಒಂದು ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಆ ಬಾಗಿಲನ್ನು ತೆರೆಯಲು ಮನುಷ್ಯ ಹೇಗೆ ಕಲಿತ, ಕಲಿಯುವಾಗ ತೆತ್ತದ್ದೇನು, ತೆರೆದ ಮೇಲೆ ರೋಗಿಗಳಿಗೆ ಏನಾಯಿತು ಎಂಬುದು ಈ ಬರಹದ ವಿಷಯ. ಪರದೆಯ ಮೇಲೆ ವೈದ್ಯರ ಮಾತಿಗೆ ಸಿಗುವುದು ಸ್ವಲ್ಪವೇ ಹೊತ್ತು. ಅಲ್ಲಿ ಹೇಳಲಾಗದ ಹಳೆಯ ಕಥೆಯನ್ನು ಈ ಪುಟಗಳಲ್ಲಿ ಹೇಳುತ್ತೇನೆ.

ನಿಮ್ಮ ಪಠ್ಯಪುಸ್ತಕದ ಹೃದಯದ ಚಿತ್ರವನ್ನು ನೆನಪಿಸಿಕೊಳ್ಳಿ. ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತ ಎಡ ಹೃತ್ಕರ್ಣದಿಂದ ಎಡ ಹೃತ್ಕುಕ್ಷಿಗೆ ಇಳಿಯುವ ದಾರಿಯಲ್ಲಿ ಎರಡು ಎಸಳುಗಳ ಒಂದು ಬಾಗಿಲಿದೆ. ಅದೇ ದ್ವಿದಳ ಕವಾಟ. ಪಾದ್ರಿಗಳ ಮುಖ್ಯಸ್ಥರು ತೊಡುವ ಎರಡು ತುದಿಯ ಟೋಪಿಯನ್ನು ಹೋಲುವುದರಿಂದ ವೈದ್ಯರು ಇದನ್ನು ಮೈಟ್ರಲ್ ಕವಾಟ ಎನ್ನುತ್ತಾರೆ. ಕವಾಟ ಎಂದರೆ ಹಳಗನ್ನಡದಲ್ಲೂ ಬಾಗಿಲೇ ತಾನೆ? ಆರೋಗ್ಯವಂತ ವಯಸ್ಕರಲ್ಲಿ ಈ ಬಾಗಿಲು ಪೂರ್ತಿ ತೆರೆದಾಗ ಅದರ ಅಗಲ 4ರಿಂದ 6 ಚದರ ಸೆಂಟಿಮೀಟರ್. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅದು ತೆರೆದು ಮುಚ್ಚುತ್ತದೆ, ನಮಗೆ ಗೊತ್ತಾಗದಂತೆ.

ಇದನ್ನು ಕೆಡಿಸುವುದು ಗಂಟಲು ನೋವು ಎಂದರೆ ನೀವು ನಂಬುವುದು ಕಷ್ಟ. ಎಲ್ಲ ಗಂಟಲು ನೋವೂ ಅಲ್ಲ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದ ಒಂದು ಬಗೆಯಿಂದ ಬರುವುದು ಮಾತ್ರ. ಹೆಚ್ಚಾಗಿ 5ರಿಂದ 15 ವಯಸ್ಸಿನ ಮಕ್ಕಳಿಗೆ ಬರುತ್ತದೆ. ಗಂಟಲು ವಾಸಿಯಾದ ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಿಗೆ ಜ್ವರ ಬಂದು ಮಂಡಿ, ಮೊಣಕೈ, ಮಣಿಕಟ್ಟುಗಳು ಒಂದಾದ ಮೇಲೊಂದು ಊದಿಕೊಳ್ಳುತ್ತವೆ. ಇದು ರುಮ್ಯಾಟಿಕ್ ಜ್ವರ. ಬ್ಯಾಕ್ಟೀರಿಯವನ್ನು ಕೊಲ್ಲಲು ದೇಹ ಸಿದ್ಧಪಡಿಸಿದ ಪಡೆ ಶತ್ರುವಿನ ಗುರುತು ತಪ್ಪಿ ತನ್ನದೇ ಹೃದಯದ ಮೇಲೆ ಬೀಳುತ್ತದೆ. ಕೀಲುಗಳು ಗುಣವಾಗುತ್ತವೆ, ಮನೆಯವರು ಮರೆಯುತ್ತಾರೆ. ಕವಾಟ ಮಾತ್ರ ಮರೆಯುವುದಿಲ್ಲ. ಅದರ ಎಸಳುಗಳು ದಪ್ಪಗಾಗಿ, ಎರಡೂ ಸೇರುವ ಮೂಲೆಗಳಲ್ಲಿ ಅಂಚಿಗೆ ಅಂಚು ಬೆಸೆದುಕೊಂಡು, ಅಗಲವಾದ ಬಾಗಿಲು ಅಂಗಿಯ ಗುಂಡಿ ತೂರುವ ಸೀಳಿನಷ್ಟು ಕಿರಿದಾಗುತ್ತದೆ. 1 ಚದರ ಸೆಂಟಿಮೀಟರಿಗೆ ಇಳಿಯಿತೆಂದರೆ ಸಾಮಾನ್ಯವಾದ ಓಡಾಟವೂ ಕಷ್ಟ.

ಮುಂದಿನದು ಕೊಳಾಯಿ ಕೆಲಸದ ಲೆಕ್ಕ. ಬಾಗಿಲು ಕಿರಿದಾದರೆ ರಕ್ತ ಹಿಂದೆ ನಿಲ್ಲುತ್ತದೆ. ಹೃತ್ಕರ್ಣ ಹಿಗ್ಗುತ್ತದೆ, ಅದರ ಹಿಂದಿನ ಶ್ವಾಸಕೋಶದಲ್ಲಿ ಒತ್ತಡ ಏರಿ ನೀರು ಜಿನುಗುತ್ತದೆ. ಹಿಗ್ಗಿದ ಹೃತ್ಕರ್ಣ ಲಯ ತಪ್ಪಿ ಬರಿದೇ ಅದುರತೊಡಗುತ್ತದೆ. ನಿಂತ ರಕ್ತ ಅದರ ಮೂಲೆಯಲ್ಲಿ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಒಂದು ದಿನ ಕಳಚಿ ಮಿದುಳಿಗೆ ಹೋಗಬಹುದು. ಗರ್ಭಿಣಿಯರ ವಿಷಯವೂ ಇದೇ ಲೆಕ್ಕದಲ್ಲಿದೆ. ಗರ್ಭ ಬೆಳೆದಂತೆ ದೇಹದ ರಕ್ತದ ಪ್ರಮಾಣ ಅರ್ಧದಷ್ಟು ಹೆಚ್ಚುತ್ತದೆ, ಹೃದಯದ ಬಡಿತವೂ ಏರುತ್ತದೆ. ಬಡಿತ ವೇಗವಾದಷ್ಟೂ ಬಾಗಿಲು ತೆರೆದಿರುವ ಹೊತ್ತು ಕಡಿಮೆ. ಸಾಗಬೇಕಾದ ರಕ್ತ ಹೆಚ್ಚು, ಸಮಯ ಕಡಿಮೆ, ದಾರಿ ಕಿರಿದು.

ಇಷ್ಟು ಸ್ಪಷ್ಟವಾದ ತೊಂದರೆಗೆ ಬಾಗಿಲನ್ನು ಬಿಡಿಸಿಬಿಡುವುದು ಸುಲಭದ ಉಪಾಯವಲ್ಲವೆ ಎಂದು ನೀವು ಕೇಳಬಹುದು. 1902ರಲ್ಲಿ ಲಂಡನ್ನಿನ ವೈದ್ಯ ಲಾಡರ್ ಬ್ರಂಟನ್ ಇದೇ ಮಾತನ್ನು ಬರೆದರು. ಅವರು ಆಪರೇಷನ್ ಮಾಡಲೂ ಇಲ್ಲ, ಮಾಡಬಹುದು ಎಂದು ಸೂಚಿಸಿದರು ಅಷ್ಟೆ. ಅದಕ್ಕೇ ಅವರ ಮೇಲೆ ಟೀಕೆಗಳ ಮಳೆ ಸುರಿಯಿತು. ಬಡಿಯುವ ಹೃದಯವನ್ನು ಮುಟ್ಟುವುದು ಆ ಕಾಲದ ವೈದ್ಯರ ಕಲ್ಪನೆಗೆ ಮೀರಿದ್ದು. ಅದಕ್ಕಿಂತ ದೊಡ್ಡ ಅಡ್ಡಿ ಒಂದು ಸಿದ್ಧಾಂತ: ರೋಗ ಇರುವುದು ಹೃದಯದ ಸ್ನಾಯುವಿನಲ್ಲಿ, ಕವಾಟದಲ್ಲಲ್ಲ, ಹಾಗಾಗಿ ಕವಾಟವನ್ನು ಬಿಡಿಸಿ ಪ್ರಯೋಜನವಿಲ್ಲ ಎಂದು ದೊಡ್ಡ ದೊಡ್ಡವರು ನಂಬಿದ್ದರು.

1923ರ ಮೇ 20ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಎಲಿಯಟ್ ಕಟ್ಲರ್ ಎಂಬ ಶಸ್ತ್ರವೈದ್ಯ ಒಬ್ಬ ಬಾಲಕಿಯ ಹೃದಯದೊಳಕ್ಕೆ ಕುರುಡಾಗಿ ಒಂದು ಸಣ್ಣ ಚಾಕುವನ್ನು ಇಳಿಸಿ ಕವಾಟವನ್ನು ಕತ್ತರಿಸಿದರು. ಅವಳು ಉಳಿದಳು, ನಾಲ್ಕು ವರ್ಷಕ್ಕೂ ಹೆಚ್ಚು ಬದುಕಿದಳು. ಕಟ್ಲರ್ ಮುಂದೆ ಕವಾಟದ ಒಂದು ತುಂಡನ್ನೇ ಕೊರೆದು ತೆಗೆಯುವ ಉಪಕರಣ ಮಾಡಿಸಿದರು. ಆ ಮೇಲಿನ ರೋಗಿಗಳು ಉಳಿಯಲಿಲ್ಲ. ತುಂಡು ಹೋದ ಬಾಗಿಲು ತೆರೆಯಿತು ನಿಜ, ಆದರೆ ಮುಚ್ಚಲಿಲ್ಲ. ಹೃದಯ ಹಿಂಡಿದಾಗ ರಕ್ತ ಮುಂದೆ ಹೋಗುವ ಬದಲು ಹಿಂದಕ್ಕೆ ನುಗ್ಗಿತು. 1929ರಲ್ಲಿ ಕಟ್ಲರ್ ತಮ್ಮ ರೋಗಿಗಳನ್ನೂ ಇತರರ ರೋಗಿಗಳನ್ನೂ ಒಟ್ಟಿಗೆ ಲೆಕ್ಕ ಹಾಕಿ, ಬಹುಪಾಲು ಎಲ್ಲರೂ ಸತ್ತರೆಂದು ಮುಚ್ಚುಮರೆಯಿಲ್ಲದೆ ಪ್ರಕಟಿಸಿ, ಆ ಕೆಲಸ ನಿಲ್ಲಿಸಿದರು. ಸೋಲನ್ನು ಹೀಗೆ ಅಚ್ಚು ಹಾಕಿಸಿದ್ದು ದೊಡ್ಡ ಉಪಕಾರ. ಮುಂದೆ ಬಂದವರಿಗೆ ಎಲ್ಲಿ ಕತ್ತರಿಸಬಾರದು ಎಂಬುದು ಅದರಿಂದಲೇ ಗೊತ್ತಾಯಿತು.

ಈ ನಡುವೆ 1925ರ ಮೇ 6ರಂದು ಲಂಡನ್ನಿನಲ್ಲಿ ಹೆನ್ರಿ ಸೂಟರ್ ಬೇರೆಯದೇ ದಾರಿ ಹಿಡಿದರು. ಎಡ ಹೃತ್ಕರ್ಣಕ್ಕೆ ನಾಯಿಯ ಕಿವಿಯಂಥ ಒಂದು ಸಣ್ಣ ಚೀಲ ಅಂಟಿಕೊಂಡಿರುತ್ತದೆ. ಸೂಟರ್ ಅದನ್ನು ಕೊಯ್ದು, ಅದರ ಮೂಲಕ ತಮ್ಮ ಬೆರಳನ್ನೇ ಬಡಿಯುವ ಹೃದಯದೊಳಕ್ಕೆ ಇಳಿಸಿದರು. ಕವಾಟ ಬೆರಳಿಗೆ ತಾಗಿತು. ಕಣ್ಣಿಗೆ ಕಾಣದ್ದನ್ನು ಬೆರಳು ಓದಿತು. ಚಾಕು ಬಳಸದೆ ಬೆರಳಿನಿಂದಲೇ ಅದನ್ನು ಹಿಗ್ಗಿಸಿ ಹೊರಬಂದರು. ಆ ಹುಡುಗಿ ಗುಣಮುಖಳಾಗಿ ಮನೆಗೆ ಹೋದಳು. ಆಪರೇಷನ್ ಯಶಸ್ವಿ. ಆದರೂ ಸೂಟರ್ ಅದನ್ನು ಮತ್ತೊಮ್ಮೆ ಮಾಡಲಿಲ್ಲ. ಯಾಕೆ ಗೊತ್ತೆ? ಯಾವ ವೈದ್ಯನೂ ಅವರ ಬಳಿಗೆ ಇನ್ನೊಬ್ಬ ರೋಗಿಯನ್ನು ಕಳಿಸಲಿಲ್ಲ! ಸ್ನಾಯುವೇ ಕಾರಣ ಎಂಬ ಸಿದ್ಧಾಂತ ಅಷ್ಟು ಗಟ್ಟಿಯಾಗಿತ್ತು. ಆ ಹುಡುಗಿ ಐದು ವರ್ಷ ಬದುಕಿ 1930ರಲ್ಲಿ ತೀರಿಕೊಂಡಳು. ಹೆಪ್ಪೊಂದು ಮಿದುಳಿಗೆ ಹೋಗಿತ್ತು. ಸೂಟರ್ ಕಂಡುಕೊಂಡ ದಾರಿ ಇಪ್ಪತ್ತಮೂರು ವರ್ಷ ಹಾಗೆಯೇ ಬಿದ್ದಿತ್ತು. ಆ ಇಪ್ಪತ್ತಮೂರು ವರ್ಷಗಳಲ್ಲಿ ಲೋಕದಾದ್ಯಂತ ಈ ರೋಗದಿಂದ ಸತ್ತವರ ಲೆಕ್ಕವನ್ನು ಯಾವ ಆಪರೇಷನ್ನಿನ ಖಾತೆಗೆ ಬರೆಯುವುದು? ನಾನು ಈ ಪ್ರಶ್ನೆಯನ್ನು ನಿಮಗೇ ಬಿಡುತ್ತೇನೆ. ಮಾಡಿದ ಚಿಕಿತ್ಸೆಯ ಸಾವುಗಳು ದಾಖಲಾಗುತ್ತವೆ. ಮಾಡದೆ ಬಿಟ್ಟದ್ದರ ಸಾವುಗಳು ಎಲ್ಲೂ ದಾಖಲಾಗುವುದಿಲ್ಲ.

ಎರಡನೆಯ ಮಹಾಯುದ್ಧ ಬಂತು. ಅಮೆರಿಕದ ಸೇನಾ ವೈದ್ಯ ಡ್ವೈಟ್ ಹಾರ್ಕನ್ ಇಂಗ್ಲೆಂಡಿನಲ್ಲಿ ಸೈನಿಕರ ಎದೆಯಿಂದ 134 ಗುಂಡು ಚೂರುಗಳನ್ನು ತೆಗೆದರು. ಅವುಗಳಲ್ಲಿ 13 ಹೃದಯದ ಕೋಣೆಗಳ ಒಳಗೇ ಇದ್ದವು. ಒಬ್ಬನೂ ಸಾಯಲಿಲ್ಲ. ಹೃದಯವನ್ನು ಮುಟ್ಟಬಾರದು ಎಂಬ ಹಳೆಯ ಭಯ ಅಲ್ಲಿಗೆ ಸಡಿಲವಾಯಿತು.

ಅದೇ ಕಾಲಕ್ಕೆ ಫಿಲಡೆಲ್ಫಿಯದಲ್ಲಿ ಚಾರ್ಲ್ಸ್ ಬೇಲಿ ಎಂಬ ಇನ್ನೊಬ್ಬ ಶಸ್ತ್ರವೈದ್ಯರಿದ್ದರು. ಅವರಿಗೆ ಹನ್ನೆರಡು ವರ್ಷವಾಗಿದ್ದಾಗ ಅವರ ತಂದೆ ಇದೇ ಕವಾಟದ ರೋಗದಿಂದ ರಕ್ತ ಕಾರಿ ಸತ್ತಿದ್ದರು. ಸತ್ತವರ ಹೃದಯಗಳನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುತ್ತ ಬೇಲಿ ಒಂದು ವಿಷಯ ಮನಗಂಡರು: ಎಸಳನ್ನು ಕತ್ತರಿಸಬಾರದು. ಅಂಚುಗಳು ಎಲ್ಲಿ ಬೆಸೆದಿವೆಯೋ ಅಲ್ಲೇ ಬಿಡಿಸಬೇಕು. ಹೊಲಿಗೆ ಬಿಚ್ಚಿದ ಹಾಗೆ, ಬಟ್ಟೆ ಹರಿದ ಹಾಗಲ್ಲ. ವಿಚಾರ ಸರಿಯಾಗಿತ್ತು, ಕೈಗೆ ಮಾತ್ರ ಬೇಗ ಬರಲಿಲ್ಲ. 1945ರಲ್ಲಿ ಮೊದಲ ರೋಗಿ ರಕ್ತಸ್ರಾವದಿಂದ ಸತ್ತ. 1946ರಲ್ಲಿ ಎರಡನೆಯ ಸಾವು. 1948ರ ಮಾರ್ಚಿಯಲ್ಲಿ ಮೂರನೆಯದು. ಸಹೋದ್ಯೋಗಿಗಳು ಬೆನ್ನ ಹಿಂದೆ ಅವರನ್ನು ಕಟುಕ ಎಂದರು. ಒಂದು ಆಸ್ಪತ್ರೆ ಬಾಗಿಲು ಮುಚ್ಚಿದರೆ ಇನ್ನೊಂದರಲ್ಲಿ ಅನುಮತಿ ಕೇಳಿದರು. 1948ರ ಜೂನ್ 10ರಂದು ಒಂದೇ ದಿನ ಎರಡು ಆಸ್ಪತ್ರೆಗಳಲ್ಲಿ ಎರಡು ಆಪರೇಷನ್ ಗೊತ್ತುಮಾಡಿಕೊಂಡರು. ಬೆಳಗ್ಗೆಯ ರೋಗಿ ಸತ್ತ. ಆ ಸುದ್ದಿ ಹರಡಿ ಬಾಗಿಲು ಮುಚ್ಚುವ ಮೊದಲೇ ಅವರು ಇನ್ನೊಂದು ಆಸ್ಪತ್ರೆಗೆ ಹೋಗಿ, ಮಧ್ಯಾಹ್ನ 24 ವರ್ಷದ ಒಬ್ಬ ಮಹಿಳೆಯ ಕವಾಟವನ್ನು ಬಿಡಿಸಿದರು. ಆಕೆ ಉಳಿದರು. ಒಂದು ವಾರದ ಮೇಲೆ ಆಕೆಯನ್ನು ರೈಲಿನಲ್ಲಿ ಷಿಕಾಗೋದ ವೈದ್ಯರ ಸಭೆಗೇ ಕರೆದೊಯ್ದು ನಿಲ್ಲಿಸಿದರು. ಮುಂದೆ ಆಕೆ ಮೂವತ್ತೆಂಟು ವರ್ಷ ಬದುಕಿದರು.

ಈ ಕಥೆಯನ್ನು ಸಾಹಸದ ಕಥೆಯಾಗಿ ಹೇಳುವುದು ರೂಢಿ. ನನಗೆ ಅಷ್ಟು ನಿರಾಳವಾಗಿ ಹೇಳಲು ಬರುವುದಿಲ್ಲ. ಐದನೆಯವರು ಉಳಿದದ್ದರಿಂದ ಮೊದಲ ನಾಲ್ವರ ಸಾವಿಗೆ ಅರ್ಥ ಬಂತು ಎನ್ನುತ್ತೇವೆ. ಐದನೆಯವರೂ ಸತ್ತಿದ್ದರೆ ಬೇಲಿ ನಮಗೆ ಏನಾಗಿ ಉಳಿಯುತ್ತಿದ್ದರು? ಬೆಳಗ್ಗೆಯ ಸಾವನ್ನು ಮಧ್ಯಾಹ್ನದ ರೋಗಿಗೆ ತಿಳಿಸಿದ್ದರೆ ಅವರು ಮೇಜಿನ ಮೇಲೆ ಮಲಗುತ್ತಿದ್ದರೆ? ಇಂದಿನ ನಿಯಮಗಳ ಪ್ರಕಾರ ಅಂಥ ದಿನವೊಂದು ಸಾಧ್ಯವೇ ಇಲ್ಲ. ಆದರೆ ಆ ರೋಗಿಗಳಿಗೆ ಬೇರೆ ಯಾವ ಚಿಕಿತ್ಸೆಯೂ ಇರಲಿಲ್ಲ ಎಂಬುದೂ ಅಷ್ಟೇ ನಿಜ. ನಮ್ಮ ದೂರದರ್ಶನದ ಕಸುಬಿನಲ್ಲಿ ಒಂದು ಕೆಟ್ಟ ಅಭ್ಯಾಸವಿದೆ: ಗುಣವಾದವರನ್ನೇ ಸ್ಟುಡಿಯೋಗೆ ಕರೆಯುತ್ತೇವೆ. ಉಳಿದವರು ಬರಲಾರರು.

1948ರ ಜೂನ್ ತಿಂಗಳಲ್ಲೇ ಬಾಸ್ಟನ್ನಿನಲ್ಲಿ ಹಾರ್ಕನ್, ಸೆಪ್ಟೆಂಬರಿನಲ್ಲಿ ಲಂಡನ್ನಿನ ರಸೆಲ್ ಬ್ರಾಕ್ ಇದೇ ಆಪರೇಷನ್ ಮಾಡಿದರು. ಬ್ರಾಕ್ ಬಳಸಿದ್ದು ಸೂಟರ್ ಅವರ ಬೆರಳಿನ ದಾರಿಯನ್ನೇ. ಕೆಲವೇ ವರ್ಷಗಳಲ್ಲಿ ಅದು ನಮ್ಮ ದೇಶಕ್ಕೂ ಬಂತು. ಬೆಂಗಳೂರಿನಿಂದ ಮದರಾಸಿನ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಅಮೆರಿಕದಿಂದ ಬಂದ ರೀವ್ ಬೆಟ್ಸ್ ಎದೆಯ ಶಸ್ತ್ರಚಿಕಿತ್ಸೆಯ ವಿಭಾಗ ಕಟ್ಟಿದರು. ಬಳ್ಳಾರಿಯಲ್ಲಿ ಹುಟ್ಟಿದ ನಾಗರೂರು ಗೋಪಿನಾಥ್ ಅಲ್ಲಿಯೇ 1960ರ ದಶಕದ ಆರಂಭದಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ನಮ್ಮ ದೇಶದಲ್ಲಿ ನಾಂದಿ ಹಾಡಿದರು. ಆದರೆ ಬಡ ರೋಗಿಗಳ ಪಾಲಿಗೆ ಬಹುಕಾಲ ನಿಂತದ್ದು ಹಳೆಯ, ಮುಚ್ಚಿದ ಹೃದಯದ ಆಪರೇಷನ್ನೇ. 1983ರಲ್ಲಿ ವೆಲ್ಲೂರಿನ ಸ್ಟ್ಯಾನ್ಲಿ ಜಾನ್ ಮತ್ತು ಸಂಗಡಿಗರು ಸಾಲಾಗಿ 3,724 ರೋಗಿಗಳ ಫಲಿತಾಂಶವನ್ನು, ಒಬ್ಬರನ್ನೂ ಆಯ್ದು ಬಿಡದೆ, ಪ್ರಕಟಿಸಿದರು. ಆಪರೇಷನ್ನಿನ ದಿನದ ಲೆಕ್ಕ ಮಾತ್ರವಲ್ಲ, ವರ್ಷಗಳ ನಂತರದ ಲೆಕ್ಕವೂ ಅದರಲ್ಲಿತ್ತು. ಅಂಚೆ ಕಾರ್ಡಿನ ಕಾಲದಲ್ಲಿ ಊರು ಬಿಟ್ಟ ರೋಗಿಗಳ ಜಾಡು ಹಿಡಿಯುವುದು ಎಂಥ ಕೆಲಸವೆಂದು ನೀವೇ ಊಹಿಸಿ.

ನಮ್ಮ ವೈದ್ಯರು ಕಂಡ ಇನ್ನೊಂದು ಸಂಗತಿ ಪಶ್ಚಿಮದ ಪುಸ್ತಕಗಳಲ್ಲಿ ಇರಲಿಲ್ಲ. ಅಲ್ಲಿ ಈ ರೋಗ ಬಲಿಯಲು ಇಪ್ಪತ್ತು ಮೂವತ್ತು ವರ್ಷ ಹಿಡಿಯುತ್ತಿತ್ತು, ರೋಗಿಗಳು ನಡುವಯಸ್ಸಿನವರು. 1963ರಲ್ಲಿ ದೆಹಲಿಯ ಸುಜೋಯ್ ರಾಯ್ ಮತ್ತು ಸಂಗಡಿಗರು ಭಾರತದಲ್ಲಿ ಇಪ್ಪತ್ತು ತುಂಬದ ಮಕ್ಕಳಲ್ಲೇ ಬಾಗಿಲು ಬಿಗಿಯಾಗಿ ಕಟ್ಟಿಕೊಳ್ಳುತ್ತಿದೆ ಎಂದು ತೋರಿಸಿದರು. ಅಂದರೆ ಶಾಲೆಗೆ ಹೋಗುವ ವಯಸ್ಸಿನವರಿಗೆ ಹೃದಯದ ಆಪರೇಷನ್ ಬೇಕು.

ಕವಾಟ ತೀರಾ ಕೆಟ್ಟಿದ್ದರೆ ಅದನ್ನೇ ಬದಲಿಸಬಹುದು ಎಂಬುದು 1960ರಲ್ಲಿ ಸಾಧ್ಯವಾಯಿತು. ಅಮೆರಿಕದ ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರವೈದ್ಯರೂ ಲೊವೆಲ್ ಎಡ್ವರ್ಡ್ಸ್ ಎಂಬ ಎಂಜಿನಿಯರೂ ಸೇರಿ ಪಂಜರದೊಳಗೆ ಚೆಂಡು ಇರುವಂಥ ಕವಾಟ ತಯಾರಿಸಿದರು. ಮೊದಲ ರೋಗಿ ಕೆಲವು ಗಂಟೆಗಳಲ್ಲೇ ತೀರಿಕೊಂಡರು. ಎರಡನೆಯವರು ಹತ್ತು ವರ್ಷ ಬದುಕಿ, ಕೊನೆಗೆ ಮನೆಗೆ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದು ಸತ್ತರು. ಕವಾಟ ಅವರಿಗೆ ಕೈಕೊಡಲಿಲ್ಲ. ಆದರೆ ಲೋಹದ ಕವಾಟ ಹೊತ್ತವರಿಗೆ ಹೊಸ ತೊಡಕು. ಪರವಸ್ತುವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಅದನ್ನು ತಡೆಯಲು ಜೀವನಪೂರ್ತಿ ವಾರ್ಫರಿನ್ ಮಾತ್ರೆ ನುಂಗಬೇಕು. ಕೆಟ್ಟ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುವುದನ್ನು ಕಂಡು ಶುರುವಾದ ಶೋಧನೆಯ ಫಲ ಈ ಔಷಧ. ಮೊದಲು ಮಾರಾಟವಾದದ್ದು ಇಲಿ ಪಾಷಾಣವಾಗಿ. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಅದಕ್ಕಾಗಿ ಮತ್ತೆ ಮತ್ತೆ ರಕ್ತಪರೀಕ್ಷೆ. ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹಿಡಿದು ಒಂದು ದಿನದ ಕೂಲಿ ಬಿಟ್ಟು ಹೋಗಬೇಕಾದವರಿಗೆ ಇದು ಸಣ್ಣ ಮಾತಲ್ಲ. ಪರೀಕ್ಷೆ ಬೇಡದ ಹೊಸ ಮಾತ್ರೆಯೊಂದು ವಾರ್ಫರಿನ್ನಿಗೆ ಬದಲಾಗಬಹುದೆಂಬ ಆಸೆಯಿಂದ, ರುಮ್ಯಾಟಿಕ್ ಹೃದ್ರೋಗವಿದ್ದು ಹೃದಯದ ಲಯ ತಪ್ಪಿದವರ ಮೇಲೆ 24 ದೇಶಗಳಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಭಾರತವೂ ಅದರಲ್ಲಿತ್ತು. ಹೊಸ ಮಾತ್ರೆ ಪಡೆದವರಲ್ಲೇ ಸಾವು ಹೆಚ್ಚಾಗಿತ್ತು. ಎಲ್ಲರ ನಿರೀಕ್ಷೆ ಬುಡಮೇಲಾಯಿತು. ಎಣಿಸದೆ ನಂಬಿದ್ದರೆ ಏನಾಗುತ್ತಿತ್ತೋ!

ಕವಾಟವೇ ಮುರಿದದ್ದೂ ಉಂಟು. ಬ್ಯೋರ್ಕ್-ಷೈಲಿ ಎಂಬ ತಯಾರಿಕೆಯ ಒಂದು ಮಾದರಿಯನ್ನು 1986ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯುವ ಹೊತ್ತಿಗೆ ಲೋಕದಲ್ಲಿ ಸುಮಾರು 86,000 ಜನರ ಎದೆಯಲ್ಲಿ ಅದು ಕೂತಿತ್ತು. ಕೆಲವರಲ್ಲಿ ಅದರ ಪುಟ್ಟ ಲೋಹದ ಕಂಬಿ ಹಠಾತ್ತನೆ ಮುರಿದು ತಟ್ಟೆ ಕಳಚಿತು. ಉಳಿದವರು ತಮ್ಮದು ಮುರಿಯುತ್ತದೋ ಇಲ್ಲವೋ ಎಂದು ಕಾಯುತ್ತ ಬದುಕಬೇಕಾಯಿತು.

ವಿದೇಶಿ ಕವಾಟದ ಬೆಲೆ ನಮ್ಮವರಿಗೆ ಎಟುಕದ್ದನ್ನು ಕಂಡು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ದೇಶೀಯ ಕವಾಟಕ್ಕೆ ಕೈಹಾಕಿದರು. ಮೂರು ಮಾದರಿಗಳು ಸೋತವು. ನೀಲಮಣಿಯ ಹರಳಿನ ತಟ್ಟೆಯನ್ನೂ ಪ್ರಯತ್ನಿಸಿ ಕೈಬಿಟ್ಟರು. ನಾಲ್ಕನೆಯದರಲ್ಲಿ ತಟ್ಟೆ ವಿಶೇಷ ಬಗೆಯ ಪಾಲಿಥೀನಿನದು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದರು. ವಲಿಯತ್ತಾನ್ ನಂತರ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, 2024ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ಕರಾವಳಿಯವರಿಗೆ ಅವರು ಹೊರಗಿನವರಲ್ಲ.

ಈಗ ಬಲೂನಿನ ಮಾತು. 1982ರಲ್ಲಿ ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೌ ಎದೆ ಕೊಯ್ಯದೆ ಕವಾಟ ಬಿಡಿಸಿದರು. ಹೇಗೆಂದು ಹೇಳುತ್ತೇನೆ, ಸ್ವಲ್ಪ ಗಮನವಿಟ್ಟು ಓದಿ. ತೊಡೆಯ ಸಂದಿನ ಅಭಿಧಮನಿಯಲ್ಲಿ ಒಂದು ತೂತು. ಅಲ್ಲಿಂದ ಸಣ್ಣ ಕೊಳವೆಯನ್ನು ಬಲ ಹೃತ್ಕರ್ಣದವರೆಗೆ ಏರಿಸುತ್ತಾರೆ. ಆದರೆ ಕೆಟ್ಟ ಕವಾಟ ಇರುವುದು ಎಡಗಡೆ. ಎರಡು ಹೃತ್ಕರ್ಣಗಳ ನಡುವಿನ ತೆಳುಗೋಡೆಯನ್ನು ಉದ್ದನೆಯ ಸೂಜಿಯಿಂದ ಚುಚ್ಚಿ ದಾಟಬೇಕು. ಸೂಜಿ ಸ್ವಲ್ಪ ಆಚೀಚೆಯಾದರೆ ಹೃದಯದ ಹೊರಗೋಡೆಗೇ ತೂತು ಬಿದ್ದು, ಹೃದಯದ ಸುತ್ತಣ ಚೀಲದಲ್ಲಿ ರಕ್ತ ತುಂಬಿ, ಹೃದಯ ಹಿಗ್ಗಲಾರದೆ ನಿಲ್ಲುವ ಅಪಾಯವಿದೆ. ದಾಟಿದ ಮೇಲೆ ಬಲೂನನ್ನು ಕವಾಟದ ಮಧ್ಯೆ ತರುತ್ತಾರೆ. ಇನೌ ಅವರ ಜಾಣ್ಮೆ ಇರುವುದು ಇಲ್ಲಿ. ಎರಡು ಪದರ ರಬ್ಬರಿನ ನಡುವೆ ಬಲೆ ಹೆಣೆದು ಮಾಡಿದ ಆ ಬಲೂನು ಒಮ್ಮೆಲೇ ಉಬ್ಬುವುದಿಲ್ಲ. ಮೊದಲು ಮುಂದಿನ ತುದಿ ಉಬ್ಬುತ್ತದೆ, ಅದನ್ನು ಹಿಂದಕ್ಕೆಳೆದು ಕವಾಟಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ಹಿಂದಿನ ತುದಿ. ಈಗ ಅದು ಶಿವನ ಡಮರುಗದಂತೆ ಕವಾಟವನ್ನು ನಡುವಿನಲ್ಲಿ ಹಿಡಿದು ನಿಲ್ಲುತ್ತದೆ. ಕೊನೆಗೆ ನಡು ಉಬ್ಬುತ್ತದೆ. ಕೆಲವೇ ಸೆಕೆಂಡು. ಬೆಸೆದ ಅಂಚುಗಳು ಬಿಟ್ಟುಕೊಳ್ಳುತ್ತವೆ. ಬೇಲಿಯವರು ಕಂಡುಕೊಂಡ ತತ್ತ್ವವೇ ಇದು. ಚಾಕು ಬೆರಳುಗಳ ಜಾಗದಲ್ಲಿ ನೀರು ತುಂಬಿದ ಬಲೂನು.

ಹೊಸದು ಎಂದ ಮಾತ್ರಕ್ಕೆ ಹಳೆಯದಕ್ಕಿಂತ ಒಳ್ಳೆಯದೆ? ಇದನ್ನು ಪರೀಕ್ಷಿಸಿದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ನಿಜಾಮ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸೋಮರಾಜು ಮತ್ತು ಅಮೆರಿಕದ ಸಂಗಡಿಗರು 60 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಅರ್ಧ ಜನರಿಗೆ ಬಲೂನು, ಅರ್ಧ ಜನರಿಗೆ ತೆರೆದ ಹೃದಯದ ಆಪರೇಷನ್. ಮೂರು ವರ್ಷದ ನಂತರ ಬಲೂನಿನವರ ಕವಾಟದ ಸರಾಸರಿ ಅಗಲ 2.4 ಚದರ ಸೆಂಟಿಮೀಟರ್, ಆಪರೇಷನ್ನಿನವರದು 1.8. ಈ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಸಣ್ಣ ಅಧ್ಯಯನವೇ. ಆದರೆ ಜಗತ್ತು ಅದನ್ನು ಓದಿತು.

ಕರ್ನಾಟಕದಲ್ಲಿ ಈ ಚಿಕಿತ್ಸೆ ಬೇರೂರಿದ್ದು ಜಯದೇವ ಸಂಸ್ಥೆಯಲ್ಲಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿದ ಆ ಸಂಸ್ಥೆ ಲೋಕದಲ್ಲೇ ಅತಿ ಹೆಚ್ಚು ಬಲೂನು ಕವಾಟ ಚಿಕಿತ್ಸೆ ನಡೆಸಿದ ಕೇಂದ್ರಗಳಲ್ಲಿ ಒಂದು. 2024ರ ಆರಂಭದವರೆಗೆ ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಕಡೆಯವರು, ಎಂ.ಬಿ.ಬಿ.ಎಸ್. ಓದಿದ್ದು ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ. ಕವಾಟ ತೀರಾ ಕಿರಿದಾಗಿ ಬಲೂನು ದಾಟದ ರೋಗಿಗಳಲ್ಲಿ ಮೊದಲು ತಂತಿಯನ್ನು ದಾಟಿಸಿ, ಅದರ ಮೇಲೆ ಬಲೂನನ್ನು ಸಾಗಿಸುವ ಒಂದು ಕ್ರಮವನ್ನು ಅವರು ಬಳಕೆಗೆ ತಂದರು. ಗರ್ಭಿಣಿಯರಲ್ಲಿ ಈ ಚಿಕಿತ್ಸೆ ವಿಶೇಷವಾಗಿ ನೆರವಿಗೆ ಬರುತ್ತದೆ. ಎದೆ ಕೊಯ್ಯುವಂತಿಲ್ಲ, ಹೆರಿಗೆಯವರೆಗೆ ಕಾಯುವಂತೆಯೂ ಇಲ್ಲ. ಸಾಧ್ಯವಾದರೆ ಇಪ್ಪತ್ತು ವಾರ ಕಳೆಯಲೆಂದು ಕಾದು, ಕ್ಷಕಿರಣ ಮಗುವಿಗೆ ತಾಗದಂತೆ ಹೊಟ್ಟೆಗೆ ಸೀಸದ ಹೊದಿಕೆ ಸುತ್ತಿ, ಆದಷ್ಟು ಬೇಗ ಮುಗಿಸುತ್ತಾರೆ. ಬಲೂನು ಇಳಿದ ಮರುಗಳಿಗೆಯೇ ಹೃತ್ಕರ್ಣದ ಒತ್ತಡದ ಗೆರೆ ಪರದೆಯ ಮೇಲೆ ಕುಸಿಯುವುದು ಕಾಣುತ್ತದೆ. ದಿನವೆಲ್ಲ ಪರದೆಗಳನ್ನೇ ನೋಡುವ ನನ್ನಂಥವರಿಗೂ ಆ ಗೆರೆಯಷ್ಟು ಖುಷಿ ಕೊಡುವ ಚಿತ್ರ ಕಡಿಮೆ.

ಆದರೆ ಪ್ರತಿ ಸಲವೂ ಹಾಗಾಗುವುದಿಲ್ಲ. ನುರಿತ ಕೈಗಳಲ್ಲೂ ನೂರಕ್ಕೆ ಕೆಲವರಲ್ಲಿ ಬಲೂನು ಬೆಸುಗೆಯನ್ನು ಬಿಡಿಸುವ ಬದಲು ಎಸಳನ್ನೇ ಹರಿಯುತ್ತದೆ. ಆಗ ಕಟ್ಲರ್ ಕಂಡ ಹಳೆಯ ಶತ್ರುವೇ ಎದುರಾಗುತ್ತಾನೆ: ಮುಚ್ಚಲಾರದ ಬಾಗಿಲು. ಅವರಲ್ಲಿ ಕೆಲವರನ್ನು ತುರ್ತಾಗಿ ಕವಾಟ ಬದಲಿಸಲು ಕರೆದೊಯ್ಯಬೇಕಾಗುತ್ತದೆ. ಹೃತ್ಕರ್ಣದ ಮೂಲೆಯಲ್ಲಿ ಅಡಗಿದ ಹೆಪ್ಪನ್ನು ಕೊಳವೆ ತಾಗಿ ಕದಲಿಸಿದರೆ ಪಾರ್ಶ್ವವಾಯು. ಆದ್ದರಿಂದಲೇ ಮೊದಲು ಎಕೋ ಪರೀಕ್ಷೆ. ಬೇಕಾದರೆ ಅನ್ನನಾಳದೊಳಕ್ಕೆ ಶಬ್ದತರಂಗದ ಕಡ್ಡಿ ಇಳಿಸಿ ಹೃದಯದ ಹಿಂಬದಿಯಿಂದ ಆ ಮೂಲೆಯನ್ನು ಇಣುಕಿ ನೋಡುತ್ತಾರೆ. 1988ರಲ್ಲಿ ಬಾಸ್ಟನ್ನಿನ ವೈದ್ಯರು ಎಸಳಿನ ಚಲನೆ, ದಪ್ಪ, ಸುಣ್ಣ ಕಟ್ಟಿರುವುದು, ಕೆಳಗಿನ ದಾರಗಳ ಸ್ಥಿತಿ ಈ ನಾಲ್ಕಕ್ಕೂ ನಾಲ್ಕು ನಾಲ್ಕು ಅಂಕ ಇಟ್ಟು 16ರ ಪಟ್ಟಿ ಮಾಡಿದರು. ನಿಮ್ಮ ಪರೀಕ್ಷೆಗೆ ವಿರುದ್ಧವಾಗಿ ಇಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು. 8ರ ಒಳಗಿದ್ದರೆ ಬಲೂನು ಸಾಮಾನ್ಯವಾಗಿ ಚೆನ್ನಾಗಿ ಫಲಿಸುತ್ತದೆ. ಸುಣ್ಣ ಕಟ್ಟಿ ಕಲ್ಲಾದ ಕವಾಟಕ್ಕೆ ಬಲೂನು ಹಾಕಲು ಹೊರಡುವುದಕ್ಕಿಂತ ಬೇಡ ಎನ್ನುವುದು ದೊಡ್ಡ ಕೌಶಲ.

ಚೆನ್ನಾಗಿ ಬಿಟ್ಟುಕೊಂಡ ಕವಾಟವೂ ಹೊಸ ಕವಾಟವಲ್ಲ. ವರ್ಷಗಳು ಕಳೆದಂತೆ ಅಂಚುಗಳು ಮತ್ತೆ ಬೆಸೆಯಬಹುದು, ಎರಡನೆಯ ಸಲ ಬಲೂನು ಬೇಕಾಗಬಹುದು. ಅದರಲ್ಲೂ ಗಂಟಲಿನ ಸೋಂಕು ಮರಳಿ ಮರಳಿ ಬಂದರೆ ಪ್ರತಿ ಸಲವೂ ಗಾಯದ ಮೇಲೆ ಗಾಯ. ಇದಕ್ಕೆ ಇರುವ ಮದ್ದು ಹಳೆಯದು, ಅಗ್ಗದ್ದು: ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು, ವರ್ಷಗಟ್ಟಲೆ. ಅದು ವಿಪರೀತ ನೋಯುತ್ತದೆ. ಶಾಲೆ ಇದ್ದ ದಿನ ಹೋಗಲಾಗುವುದಿಲ್ಲ, ರಜೆಯ ದಿನ ನೆನಪಿರುವುದಿಲ್ಲ, ಚೆನ್ನಾಗಿಯೇ ಇದ್ದೇನಲ್ಲ ಎನ್ನಿಸಿ ಬಿಟ್ಟುಬಿಡುವವರು ಬಹಳ. ಲೋಕದಲ್ಲಿ ಇಂದಿಗೂ ನಾಲ್ಕು ಕೋಟಿಗೂ ಹೆಚ್ಚು ಜನ ರುಮ್ಯಾಟಿಕ್ ಹೃದ್ರೋಗದೊಂದಿಗೆ ಬದುಕುತ್ತಿದ್ದಾರೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇದರ ಬಗ್ಗೆ ಪ್ರತ್ಯೇಕ ನಿರ್ಣಯವನ್ನೇ ಮಾಡಬೇಕಾಯಿತು.

ನಿಮ್ಮ ತರಗತಿಯಲ್ಲಿ ಮೂರು ವಾರಕ್ಕೊಮ್ಮೆ ಅರ್ಧ ದಿನ ರಜೆ ಕೇಳುವ, ಮಾರನೆಯ ದಿನ ಕುಂಟುತ್ತ ಬರುವ ಗೆಳತಿಯೋ ಗೆಳೆಯನೋ ಇದ್ದರೆ ಕಾರಣ ಇದೇ ಇರಬಹುದು. ಬಲೂನು ಆದವರು ಕೈಯಲ್ಲಿ ಒಂದು ಕಡತ ಹಿಡಿದು ವರ್ಷಕ್ಕೊಮ್ಮೆಯಾದರೂ ಎಕೋ ಕೋಣೆಯ ಮುಂದೆ ಕೂರುತ್ತಾರೆ. ಒಳಗೆ ಕತ್ತಲು, ಎದೆಗೆ ತಣ್ಣನೆಯ ಲೇಪ, ಪರದೆಯ ಮೇಲೆ ಎರಡು ಎಸಳುಗಳು ಅಲ್ಲಾಡುತ್ತವೆ. ವೈದ್ಯರು ಚಿತ್ರವನ್ನು ನಿಲ್ಲಿಸಿ, ಬಾಗಿಲಿನ ಸುತ್ತ ಗೆರೆ ಎಳೆದು ಅಳೆಯುತ್ತಾರೆ. ಕಳೆದ ವರ್ಷದ ಅಂಕಿಯ ಕೆಳಗೆ ಈ ವರ್ಷದ್ದನ್ನು ಬರೆಯುತ್ತಾರೆ.